ವಾರದ ರಜೆ: ಸೋಮವಾರ

ನಮ್ಮ ಹೋಟೆಲಿನ ಬಾಗಿಲ ಮೇಲೆ ಒಂದು ತಗಡಿನ ಬೋರ್ಡು ಇತ್ತು. ಅದರಲ್ಲಿ ಹಿಂದಿಯಲ್ಲೂ ಕನ್ನಡದಲ್ಲೂ 'ವಾರದ ರಜೆ: ಸೋಮವಾರ' ಎಂದು ಬರೆದಿತ್ತು. ಬರೆಸಿದವರು ನನ್ನ ಮಾವ. ದೆಹಲಿಯ ಕಿದ್ವಾಯಿ ನಗರದ ಪಕ್ಕದ ಮಾರ್ಕೆಟ್ಟಿನಲ್ಲಿ ಕನ್ನಡ ಓದುವವರು ಎಷ್ಟು ಮಂದಿ ಎಂದು ಅವರು ಯೋಚಿಸಲೇ ಇಲ್ಲ. ಓದುವವನು ಒಬ್ಬ ಬಂದರೂ ಅವನು ಬಾಗಿಲಲ್ಲಿ ಸುಮ್ಮನೆ ಕಾಯಬಾರದು ಎನ್ನುವುದು ಅವರ ವಾದ. ಮದುವೆಯಾಗಿ ದೆಹಲಿಗೆ ಬಂದ ದಿನ ನಾನು ಮೊಟ್ಟಮೊದಲು ಓದಿದ್ದು ಆ ಬೋರ್ಡನ್ನೇ. ನನಗಾಗ ಇಪ್ಪತ್ತೆರಡು. ಉಡುಪಿ ಕಡೆಯ ಕಾಲೇಜಿನಲ್ಲಿ ಇತಿಹಾಸ ಓದಿಕೊಂಡವಳು. ದೆಹಲಿಗೆ ಕೊಡುತ್ತಾರೆ ಎಂದಾಗ ಅಮ್ಮ ಅತ್ತಳು, ನಾನು ಅಳಲಿಲ್ಲ. ದೆಹಲಿಯಲ್ಲಿ ಒಂದಲ್ಲ ಎರಡಲ್ಲ, ಬೇಕಾದಷ್ಟು ಮ್ಯೂಸಿಯಂಗಳಿವೆ ಎಂದು ನನಗೆ ಗೊತ್ತಿತ್ತು. ಆ ಮ್ಯೂಸಿಯಂಗಳಿಗೂ ವಾರದ ರಜೆ ಸೋಮವಾರವೇ ಎಂದು ಮಾತ್ರ ಯಾರೂ ಹೇಳಿರಲಿಲ್ಲ.

ಅದು ಗೊತ್ತಾದದ್ದು ಮದುವೆಯಾದ ಎರಡನೆಯ ಸೋಮವಾರ. ನಮ್ಮವರು ಇಸ್ತ್ರಿ ಮಾಡಿದ ಅಂಗಿ ತೊಟ್ಟು, ನನ್ನನ್ನು ಬಸ್ಸಿನಲ್ಲಿ ಇಂಡಿಯಾ ಗೇಟಿನ ಕಡೆಗೆ ಕರೆದೊಯ್ದರು. ದೊಡ್ಡ ಮ್ಯೂಸಿಯಮ್ಮಿನ ಗೇಟಿಗೆ ಬೀಗ. ಕಾವಲುಗಾರ ಕಡಲೆಕಾಯಿ ಸುಲಿಯುತ್ತಾ ತಲೆಯನ್ನೂ ಎತ್ತದೆ 'ಸೋಮ್‌ವಾರ್ ಬಂದ್' ಎಂದ. ಬೀಗ ಹಾಕಿದ್ದು ತಾನೇ ಏನೋ ಎನ್ನುವ ಹಾಗೆ ನಮ್ಮವರ ಮುಖ ಸಣ್ಣದಾಯಿತು. ಹುಲ್ಲಿನ ಮೇಲೆ ಕೂರಿಸಿ ಐಸ್‌ಕ್ರೀಮ್ ಕೊಡಿಸಿ, ಮುಂದಿನ ವಾರ ಇನ್ನೊಂದಕ್ಕೆ ಹೋಗುವ ಎಂದರು. ಮುಂದಿನ ವಾರ ಇನ್ನೊಂದಕ್ಕೂ ಬೀಗ. ಬೊಂಬೆಗಳದ್ದು, ಕೈಕಸುಬಿನದ್ದು, ರೈಲಿನದ್ದು, ಚಿತ್ರಗಳ ಗ್ಯಾಲರಿ ಎಲ್ಲದರ ಗೇಟನ್ನೂ ನಾನು ಹೊರಗಿನಿಂದ ಬಲ್ಲೆ. ಯಾವುದರ ಹೊರಗೆ ಭೇಲ್ ಚೆನ್ನಾಗಿರುತ್ತದೆ ಎಂದು ಕೇಳಿದರೆ ಈಗಲೂ ಹೇಳಬಲ್ಲೆ.

ರಜೆಯ ದಿನವನ್ನೇ ಬದಲಿಸಿ ಎಂದು ಮೊದಲ ವರ್ಷವೇ ಹೇಳಿ ನೋಡಿದ್ದೆ. ಮನೆಯಲ್ಲಿ ಎಲ್ಲರೂ ನನ್ನನ್ನು ಚಿಕ್ಕ ಮಗುವನ್ನು ನೋಡುವ ಹಾಗೆ ನೋಡಿದರು. ಮಾವನವರು ಇಟ್ಟ ರಜೆ ಅದು. ಮಂಗಳವಾರವಂತೂ ಕೇಳುವುದೇ ಬೇಡ. ಹನುಮಂತನ ವಾರ ಎಂದು ಉತ್ತರದವರು ಅವತ್ತು ಮಾಂಸ ಮುಟ್ಟುವುದಿಲ್ಲ. ಹಾಗಾಗಿ ಪಕ್ಕದ ಸರ್ಕಾರಿ ಕ್ವಾರ್ಟರ್ಸಿನ ಅರ್ಧ ಜನ ನಮ್ಮ ಮಸಾಲೆ ದೋಸೆಗೆ ಬಂದು ಸಾಲು ನಿಲ್ಲುತ್ತಾರೆ. ಇನ್ನೊಂದು ಕಟ್ಟು ಬೇರೆ ಇತ್ತು: ಮನೆಯವರು ಒಬ್ಬರಾದರೂ ಎದುರಿಗಿಲ್ಲದೆ ಒಲೆ ಹಚ್ಚುವಂತಿಲ್ಲ. ಸೋಮವಾರವಲ್ಲದ ದಿನ ನಮ್ಮ ಹೋಟೆಲು ಮುಚ್ಚಿದ್ದು ಮಾವನವರು ತೀರಿಕೊಂಡಾಗ ಮಾತ್ರ. ಲಾಕ್‌ಡೌನನ್ನು ನಾವು ಲೆಕ್ಕಕ್ಕೆ ಹಿಡಿಯುವುದಿಲ್ಲ, ಅದು ಸರ್ಕಾರ ಹಾಕಿದ ಬೀಗ.

ಬೇರೆ ದಿನ ಒಬ್ಬಳೇ ಹೋಗಬಹುದಿತ್ತಲ್ಲ ಎಂದು ಕೇಳುವವರಿದ್ದಾರೆ. ಹೋಗಿದ್ದೇನೆ, ಮಗಳ ಶಾಲೆಯವರ ಜೊತೆ ಒಮ್ಮೆ. ಒಂದು ಕ್ಲಾಸಿನ ಮಕ್ಕಳ ನೀರಿನ ಬಾಟಲಿಗಳನ್ನು ಕಾಯುತ್ತಾ ಮೆಟ್ಟಿಲ ಮೇಲೆ ಕೂತು ಬಂದೆ. ಉಳಿದ ದಿನಗಳಲ್ಲಿ ಮಧ್ಯಾಹ್ನ ಮೂರರವರೆಗೆ ಗಲ್ಲಾಪೆಟ್ಟಿಗೆಯ ಹಿಂದೆ ಕೂರುವವಳು ನಾನೇ. ಅದೂ ನೆವವೇ ಇರಬಹುದು. ನಿಜ ಹೇಳಬೇಕೆಂದರೆ ನನಗೆ ಒಬ್ಬಳೇ ನೋಡುವುದು ಬೇಕಿರಲಿಲ್ಲ. ಒಂದು ಚಂದದ ವಸ್ತು ಕಂಡ ಕೂಡಲೇ ಪಕ್ಕದಲ್ಲಿದ್ದವರ ತೋಳು ತಿವಿದು ತೋರಿಸದಿದ್ದರೆ ನನಗೆ ನೋಡಿದ ಹಾಗೇ ಆಗುವುದಿಲ್ಲ. ಆ ತೋಳು ನಮ್ಮವರದ್ದೇ ಆಗಿರಬೇಕು ಎಂದು ನನ್ನ ಹಟ.

ಅದಕ್ಕಿಂತ ಹಳೆಯ ಹಟ ಇನ್ನೊಂದಿತ್ತು. ಕಾಲೇಜಿನಲ್ಲಿ ನಮ್ಮ ಇತಿಹಾಸದ ಮೇಡಂ ಒಂದು ದಿನ ದಪ್ಪ ಪುಸ್ತಕವೊಂದನ್ನು ತಂದು ಒಂದು ಕಪ್ಪು ಬಿಳುಪು ಚಿತ್ರ ತೋರಿಸಿದರು. ದಂತದಲ್ಲಿ ಕೆತ್ತಿದ ಹೆಣ್ಣು, ಒಂದು ಗೇಣಿನಷ್ಟು ಎತ್ತರ. ಮೈಮೇಲೆ ಬಟ್ಟೆಗಿಂತ ಒಡವೆಯೇ ಜಾಸ್ತಿ, ಹಾಗಾಗಿ ಹಿಂದಿನ ಬೆಂಚಿನಲ್ಲಿ ಕಿಸಿಕಿಸಿ ಶುರುವಾಯಿತು. ಮೇಡಂ ಅದನ್ನು ಕಿವಿಗೆ ಹಾಕಿಕೊಳ್ಳದೆ ಹೇಳುತ್ತಾ ಹೋದರು. ಇವಳು ಹುಟ್ಟಿದ್ದು ನಮ್ಮ ದೇಶದಲ್ಲಿ. ಎರಡು ಸಾವಿರ ವರ್ಷದ ಹಿಂದೆ ನಮ್ಮ ಪಶ್ಚಿಮ ಕರಾವಳಿಯ ಯಾವುದೋ ಬಂದರಿನಲ್ಲಿ ಹಡಗು ಹತ್ತಿ ಇಟಲಿಯ ಪಾಂಪೆಯ ಒಂದು ಮನೆ ಸೇರಿದಳು. ಬೆಂಕಿಯ ಬೆಟ್ಟ ಸಿಡಿದಾಗ ಊರಿನ ಜೊತೆ ಬೂದಿಯಡಿ ಹೂತುಹೋದಳು. ಈಗ ನೇಪಲ್ಸ್ ಪಟ್ಟಣದ ಮ್ಯೂಸಿಯಮ್ಮಿನಲ್ಲಿ ಇದ್ದಾಳೆ. ನಾನು ಎದ್ದು ನಿಂತು, ಇವಳ ಜಡೆ ಹೇಗಿದೆ ಮೇಡಂ ಎಂದು ಕೇಳಿದೆ. ಚಿತ್ರದಲ್ಲಿ ಮುಂಭಾಗ ಮಾತ್ರ ಇತ್ತು. ಬೆನ್ನನ್ನು ನಾನೂ ನೋಡಿಲ್ಲ, ನೀನು ಹೋದಾಗ ನೋಡಿಕೊಂಡು ಬಂದು ಹೇಳು ಎಂದು ಮೇಡಂ ನಕ್ಕರು. ಕ್ಲಾಸೂ ನಕ್ಕಿತು. ನಾನು ನಗಲಿಲ್ಲ.

ಊರು ಬಿಟ್ಟು ದೂರ ಬಂದು ಇನ್ನೊಬ್ಬರ ಮನೆಯಲ್ಲಿ ನಿಂತವಳು ಎಂದು ಆಮೇಲಾಮೇಲೆ ಅವಳ ಮೇಲೆ ಒಂಥರಾ ಸಲುಗೆ ಬೆಳೆಯಿತು. ಗಲ್ಲಾದಲ್ಲಿ ಕೂತು ಚಿಲ್ಲರೆ ಕೊಡುವಾಗಲೂ ನೆನಪಾಗುತ್ತಿದ್ದಳು. ಈಚೆಗೆ ಮಗಳು ಎರಡು ಮೂರು ಸಲ, 'ಮಮ್ಮಿ, ಫೋನ್ ಮೇ ದಿಖಾ ದೂಂ? ಎರಡು ಮಿನಿಟ್ ಲಗೇಗಾ' ಎಂದಳು. ಬೇಡ ಅಂದೆ. ಫೋನಿನಲ್ಲಿ ನೋಡುವುದಕ್ಕೆ ನಲವತ್ತು ವರ್ಷ ಕಾಯಬೇಕಿತ್ತೇ?

ಮಗಳು ಹಟದಲ್ಲಿ ನನ್ನನ್ನೇ ಹೋಲುತ್ತಾಳೆ. ಮದುವೆಯ ನಲವತ್ತನೆಯ ವರ್ಷಕ್ಕೆಂದು ನಮ್ಮಿಬ್ಬರಿಗೂ ಇಟಲಿಯ ಟಿಕೆಟು ಮಾಡಿಸಿಯೇ ಬಿಟ್ಟಳು. ರೋಮಿನಲ್ಲಿ ಇಳಿದು ಎರಡು ದಿನ, ಆಮೇಲೆ ನೇಪಲ್ಸ್‌ನಲ್ಲಿ ನಾಲ್ಕು ದಿನ. ಬುಧವಾರ ಬೆಳಿಗ್ಗೆಯ ರೈಲಿಗೆ ರೋಮಿಗೆ ವಾಪಸು, ಮಧ್ಯಾಹ್ನದ ವಿಮಾನ, ಗುರುವಾರ ನಸುಕಿಗೆ ದೆಹಲಿ. ಅಷ್ಟು ದಿನ ಹೋಟೆಲಿನಲ್ಲಿ ಮೈದುನ ಇರುತ್ತಾನೆ. ಗುರುವಾರ ಬೆಳಿಗ್ಗೆ ಅವನು ಹೆಂಡತಿ ಮಕ್ಕಳೊಂದಿಗೆ ಊರಿಗೆ, ಹೆಂಡತಿಯ ಅಕ್ಕನ ಮಗಳ ಮದುವೆಗೆ ಹೊರಡಬೇಕು. ನಾವು ವಿಮಾನದಿಂದ ಇಳಿದು ಸೀದಾ ಹೋಟೆಲಿಗೆ ಹೋಗಿ ಒಲೆ ಹಚ್ಚಿಸುವುದು ಎಂದು ನಮ್ಮವರು ಅವನಿಗೆ ಮಾತು ಕೊಟ್ಟರು.

ನೇಪಲ್ಸ್‌ನ ನಾಲ್ಕು ದಿನ ಯಾವತ್ತು ಏನು ನೋಡುವುದು ಎಂದು ಪಟ್ಟಿ ಮಾಡಿದವರು ನಮ್ಮವರು. ಮಯೂರ್ ವಿಹಾರದ ನಮ್ಮ ಫ್ಲ್ಯಾಟಿನಲ್ಲಿ, ಊಟದ ಮೇಜಿನ ಮೇಲೆ, ಹೋಟೆಲಿನ ಆರ್ಡರು ಬರೆಯುವ ಚೀಟಿಯಲ್ಲಿ. ಶನಿವಾರ ಪ್ರಯಾಣ. ಭಾನುವಾರ ಪಾಂಪೆ. ಸೋಮವಾರ ಸಮುದ್ರ. ಮಂಗಳವಾರ ಮ್ಯೂಸಿಯಂ, ಅದರ ಕೆಳಗೆ ಎರಡು ಗೆರೆ. ಮಗಳು ಇಣುಕಿ ನೋಡಿ, ಪಪ್ಪಾ, ಚೆಕ್ ಮಾಡಿದ್ದೀರಾ ಎಂದಳು. ನಮ್ಮವರು ಕನ್ನಡಕ ತೆಗೆದು ಅವಳನ್ನು ನೋಡಿದರು.

"ಮ್ಯೂಸಿಯಮ್ಮಿಗೆ ಸೋಮವಾರ ರಜೆ ಅಂತ ನನಗೆ ನೀನು ಹೇಳಿಕೊಡ್ತೀಯಾ? ಜೀವಮಾನ ಇಡೀ ಗೇಟಿನ ಹೊರಗೆ ನಿಂತವ ನಾನು."

ನಾನೂ ಸೈ ಎಂದೆ. ಈ ವಿಷಯದಲ್ಲಿ ನಮ್ಮನ್ನು ಮೀರಿಸುವವರು ದೆಹಲಿಯಲ್ಲಿ ಇಲ್ಲ ಎನ್ನುವ ಜಂಭ ನನಗೂ ಇತ್ತು, ಸುಳ್ಳು ಹೇಳುವುದಿಲ್ಲ.

ಪಾಂಪೆಯಲ್ಲಿ ನಮ್ಮವರು ಅರಳಿ ನಿಂತರು. ಅರಮನೆಯಂಥ ಮನೆಗಳು, ಗೋಡೆಯ ಚಿತ್ರಗಳು, ಯಾವುದೂ ಅವರನ್ನು ಅಷ್ಟು ಹಿಡಿಯಲಿಲ್ಲ. ಬೀದಿ ಬದಿಯಲ್ಲಿ ಒಂದು ಕಲ್ಲಿನ ಕಟ್ಟೆ, ಅದರ ಮೇಲೆ ಸಾಲಾಗಿ ದುಂಡನೆಯ ತೂತು, ಒಳಗೆ ಹುದುಗಿಸಿದ ಮಣ್ಣಿನ ಹಂಡೆ. ಬಿಸಿ ಊಟ ಮಾರುತ್ತಿದ್ದ ಅಂಗಡಿ ಎಂದು ಫಲಕದಲ್ಲಿ ಬರೆದಿತ್ತು. ನಮ್ಮವರು ಕಟ್ಟೆಯ ಎತ್ತರವನ್ನು ಸೊಂಟಕ್ಕೆ ಅಳೆದು ನೋಡಿದರು. ಸರಿಯಾಗಿ ಕಟ್ಟಿದ್ದಾನೆ, ಬಡಿಸುವವನಿಗೆ ಬೆನ್ನು ನೋಯುವುದಿಲ್ಲ ಎಂದರು. ಇಂಥ ಕಟ್ಟೆ ಮುಂದಿನ ಬೀದಿಯಲ್ಲೂ, ಅದರ ಮುಂದಿನದರಲ್ಲೂ ಇತ್ತು. ಇಷ್ಟು ಹೋಟೆಲಿದ್ದರೆ ವ್ಯಾಪಾರ ಆಗುವುದು ಹೇಗೆ ಎಂದು ಎರಡು ಸಾವಿರ ವರ್ಷದ ಹಿಂದಿನವರ ಚಿಂತೆಯನ್ನು ಹೊತ್ತುಕೊಂಡು ನಡೆದರು. ಇವರಿಗೂ ವಾರದ ರಜೆ ಇದ್ದಿರಬಹುದೋ ಎಂದು ನಾನು ಚುಚ್ಚಿದೆ. ಅವತ್ತು ನಾನೂ ತುಂಬ ಖುಷಿಯಲ್ಲಿದ್ದೆ, ಇನ್ನೆರಡೇ ದಿನ.

ಸೋಮವಾರ ಸಮುದ್ರಕ್ಕೆ ಹೋಗುವಾಗ ಬಸ್ಸು ಒಂದು ದೊಡ್ಡ ಕೆಂಪು ಕಟ್ಟಡದ ಮುಂದೆ ನಿಂತಿತು. ಜನ ಮೆಟ್ಟಿಲು ಹತ್ತಿ ಒಳಗೆ ಹೋಗುತ್ತಿದ್ದರು. ಇದೇ ಮ್ಯೂಸಿಯಂ ಅಲ್ಲವೇ ಎಂದೆ. ಹೌದು, ಆದರೆ ಇವತ್ತು ಸೋಮವಾರ, ಒಳಗೆ ಏನೋ ಮೀಟಿಂಗು ಇರಬೇಕು ಎಂದರು ನಮ್ಮವರು. ಬೆನ್ನಿಗೆ ಚೀಲ ಹಾಕಿಕೊಂಡು, ಚಡ್ಡಿ ತೊಟ್ಟುಕೊಂಡು ಮೀಟಿಂಗಿಗೆ ಯಾರು ಬರುತ್ತಾರೆ ಎಂದು ನನಗೂ ಹೊಳೆಯಲಿಲ್ಲ. ಬಸ್ಸು ಮುಂದೆ ಹೋಯಿತು.

ಮಂಗಳವಾರ ನಾನು ರೇಷ್ಮೆ ಸೀರೆ ಉಟ್ಟೆ. ಒಂಬತ್ತೂವರೆಗೆ ಅಲ್ಲಿಗೆ ಹೋದರೆ ದೊಡ್ಡ ಬಾಗಿಲು ಮುಚ್ಚಿತ್ತು. ಮೆಟ್ಟಿಲ ಮೇಲೆ ಒಂದು ಪಾರಿವಾಳ ಬಿಟ್ಟರೆ ಯಾರೂ ಇಲ್ಲ. ಪಕ್ಕದಲ್ಲಿ ಕಸ ಗುಡಿಸುತ್ತಿದ್ದವನು ನಮ್ಮನ್ನು ನೋಡಿ, ಬಾಗಿಲ ಬಳಿಯ ಫಲಕಕ್ಕೆ ಪೊರಕೆಯ ಹಿಡಿ ತಾಗಿಸಿದ. ಇಂಗ್ಲಿಷಿನಲ್ಲೂ ಬರೆದಿತ್ತು: ವಾರದ ರಜೆ ಮಂಗಳವಾರ.

ನಮ್ಮವರು ಅದನ್ನು ಎರಡು ಸಲ ಓದಿದರು. ನನಗೆ ಮೊದಲು ನಗು ಬಂತು, ಆಮೇಲೆ ಮೈಯೆಲ್ಲ ಉರಿಯಿತು, ಆಮೇಲೆ ಅಳುವೇ ಬಂತು. ಮೆಟ್ಟಿಲ ಮೇಲೆ ಕುಸಿದು ಕೂತೆ. ನಾಳೆ ಬೆಳಿಗ್ಗೆ ರೈಲು. ಈ ವಯಸ್ಸಿಗೆ ಮತ್ತೆ ಯಾರು ಬರುತ್ತಾರೆ ಇಲ್ಲಿಗೆ? ಬಾಗಿಲಿನ ಆಚೆ, ನಾಲ್ಕು ಗೋಡೆ ದಾಟಿದರೆ ಅವಳು ನಿಂತಿದ್ದಾಳೆ. ಅಲ್ಲಿಯವರೆಗೆ ಬಂದು ಮತ್ತೆ ಗೇಟಿನ ಹೊರಗೇ ಉಳಿದೆನಲ್ಲ ಎಂದು ಸಂಕಟವಾಯಿತು. ಪಟ್ಟಿಗೆ ನಾನೂ ಸೈ ಎಂದವಳೇ, ಆದರೆ ಸಿಟ್ಟಿಗೆ ಅದೆಲ್ಲ ನೆನಪಿರುವುದಿಲ್ಲ. ಹೇಳಬಾರದ್ದನ್ನು ಹೇಳಿಬಿಟ್ಟೆ.

"ನಲವತ್ತು ವರ್ಷ ನಿಮ್ಮ ಸೋಮವಾರಕ್ಕೆ ಕಾದೆ. ಇನ್ನು ನಿಮ್ಮ ಮಂಗಳವಾರಕ್ಕೂ ಕಾಯಬೇಕಾ?"

ಅವರು ಫೋನು ತೆಗೆದುಕೊಂಡು ಆಚೆ ಹೋದರು. ನನಗೆ ಇನ್ನಷ್ಟು ರೇಗಿತು. ದಿನಾ ಆ ಹೊತ್ತಿಗೆ ಮೈದುನನಿಗೆ ಫೋನು ಮಾಡಿ ಸಾಂಬಾರು ಹೇಗಾಗಿದೆ, ಹಿಟ್ಟು ಹುಳಿ ಬಂತಾ ಎಂದು ಕೇಳುವುದು ಅವರ ಅಭ್ಯಾಸ. ಹೆಂಡತಿ ಅಳುತ್ತಿರುವಾಗಲೂ ಹಿಟ್ಟಿನ ಚಿಂತೆಯೇ ಎಂದುಕೊಂಡೆ. ದೆಹಲಿಯಲ್ಲಿ ಮಧ್ಯಾಹ್ನ ಒಂದು ಗಂಟೆ, ಮಂಗಳವಾರದ ಗಲಾಟೆ. ಮೈದುನನಿಗೆ ಕೇಳಿಸುತ್ತಿರಲಿಲ್ಲವೆಂದು ಕಾಣುತ್ತದೆ, ನಮ್ಮವರು ಬೀದಿಯಲ್ಲಿ ನಿಂತು ಜೋರಾಗಿ ಹೇಳಿದ್ದನ್ನೇ ಹೇಳಬೇಕಾಯಿತು.

"ಗುರುವಾರ ಬಾಗಿಲು ತೆಗೆಯುವುದು ಬೇಡ. ಬೇಡ ಅಂದೆ. ನಾವು ಒಂದು ದಿನ ತಡ ಬರ್ತೇವೆ. ನೀನು ಮದುವೆಗೆ ಹೋಗು, ಹೋಟೆಲು ಬಂದ್ ಮಾಡು."

ಆ ಕಡೆಯಿಂದ ಏನೋ ಕೇಳಿದ. ಯಾರಿಗೂ ಏನೂ ಆಗಿಲ್ಲ, ಇವಳಿಗೆ ಮ್ಯೂಸಿಯಂ ನೋಡಬೇಕು ಎಂದರು. ಆಮೇಲೆ ಮಗಳಿಗೆ ಫೋನು ಮಾಡಿ ವಿಮಾನದ ಟಿಕೆಟು ಬದಲಿಸಲು ಹೇಳಿದರು. ಅವಳು ನಿಜವಾಗಿಯೂ ಚೆಕ್ ಮಾಡಿಲ್ಲವಾ ಪಪ್ಪಾ ಎಂದು ಶುರು ಮಾಡಿದಳು, ಅರ್ಧಕ್ಕೇ ಫೋನು ಇಟ್ಟುಬಿಟ್ಟರು. ಬಂದು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತು ಮಂಡಿ ಒತ್ತಿಕೊಂಡರು. ನನಗೆ ಆಡಿದ ಮಾತಿಗೆ ನಾಚಿಕೆಯಾಯಿತು. ಹಾಗೆಂದು ಹೇಳಲೂ ಇಲ್ಲ, ಚೀಲದಿಂದ ಚಕ್ಕುಲಿ ತೆಗೆದು ಕೊಟ್ಟೆ. ಇಬ್ಬರೂ ಅಲ್ಲೇ ಕೂತು ತಿಂದೆವು. ಮುಚ್ಚಿದ ಗೇಟಿನ ಹೊರಗೆ ತಿನ್ನುವುದು ನಮಗೆ ಹೊಸದಲ್ಲ.

ಬುಧವಾರ ಬಾಗಿಲು ತೆಗೆಯುವ ಮೊದಲೇ ಹೋಗಿ ನಿಂತೆವು. ಒಳಗಿನ ಶಿಲ್ಪಗಳು ಎಷ್ಟು ದೊಡ್ಡವೆಂದರೆ ಕತ್ತು ನೋಯುತ್ತದೆ. ನೆಲದ ಮೇಲಿನಿಂದ ಎತ್ತಿ ತಂದ ಚಿತ್ರಗಳು, ಸಣ್ಣ ಸಣ್ಣ ಬಣ್ಣದ ಕಲ್ಲು ಜೋಡಿಸಿ ಮಾಡಿದವು. ಸುಟ್ಟು ಕರಿಯಾಗಿ ಉಳಿದ ರೊಟ್ಟಿಯೊಂದರ ಮುಂದೆ ನಮ್ಮವರು ತುಂಬ ಹೊತ್ತು ನಿಂತರು. ಒಲೆಯಲ್ಲಿ ಇಟ್ಟವನು ತೆಗೆಯಲು ಬರಲೇ ಇಲ್ಲ ನೋಡು ಎಂದಾಗ ಅವರ ದನಿ ಮೆತ್ತಗಾಗಿತ್ತು. ನೇಪಲ್ಸ್‌ಗೆ ಹೋಗುವವರಿಗೆ ನಾನು ಹೇಳುವುದಿಷ್ಟೇ: ಈ ಕಟ್ಟಡಕ್ಕೆ ಒಂದು ಇಡೀ ದಿನ ಕೊಡಿ, ಅದು ಮಂಗಳವಾರ ಆಗದಿರಲಿ.

ಅವಳನ್ನು ಇಟ್ಟದ್ದು ಬೇರೆಯೇ ಕೋಣೆಯಲ್ಲಿ. ಪಾಂಪೆಯಲ್ಲಿ ಸಿಕ್ಕ, ಮಾನ ಮರ್ಯಾದೆ ಬಿಟ್ಟ ಚಿತ್ರ, ದೀಪ, ಗೊಂಬೆಗಳನ್ನೆಲ್ಲ ಹಿಂದಿನ ಕಾಲದವರು ಬೀಗ ಹಾಕಿ ಬಚ್ಚಿಟ್ಟಿದ್ದ ಕೋಣೆ ಅದು. ಒಳಗೆ ಕಾಲಿಟ್ಟ ನಮ್ಮವರು ಬಲಕ್ಕೆ ನೋಡಿದರು, ಎಡಕ್ಕೆ ನೋಡಿದರು, ಆಮೇಲೆ ನೆಲ ನೋಡತೊಡಗಿದರು.

"ಎಂಥ ಕೋಣೆಗೆ ಕರ್ಕೊಂಡು ಬಂದಿ ಮಾರಾಯ್ತಿ."

ಅಷ್ಟರಲ್ಲಿ ನನಗೆ ಅವಳು ಕಂಡಿದ್ದಳು. ಗಾಜಿನ ಪೆಟ್ಟಿಗೆಯಲ್ಲಿ, ಒಂದೇ ಒಂದು ಗೇಣು. ಎರಡೂ ಬದಿಯಲ್ಲಿ ಅಲಂಕಾರದ ಡಬ್ಬಿ ಹಿಡಿದ ಪುಟ್ಟ ಸಖಿಯರು. ಮುಂಗೈ ತುಂಬ ಬಳೆ, ಕಾಲು ತುಂಬ ಕಡಗ. ಕಪ್ಪು ಬಿಳುಪಿನಲ್ಲಿ ಗೊತ್ತಾಗದ ಒಂದು ಸಂಗತಿ ಆಗ ಗೊತ್ತಾಯಿತು: ಅವಳ ಬಣ್ಣ ನಮ್ಮ ಹಳೆಯ ತುಪ್ಪದ ಬಣ್ಣ. ನಾನು ಸುತ್ತಿ ಹಿಂದಕ್ಕೆ ಹೋದೆ. ಗಾಜಿಗೆ ಮೂಗು ತಾಗುವಷ್ಟು ಬಗ್ಗಿದೆ. ಜಡೆ ಇತ್ತು. ಬೆನ್ನ ಮೇಲೆ ಭಾರವಾಗಿ ಇಳಿದ ಜಡೆ, ಮದುವೆಯ ದಿನ ಅಮ್ಮ ನನಗೆ ಹಾಕಿದ ಹಾಗೆಯೇ, ಒಡವೆ ಸಹಿತ. ಯಾರೂ ನೋಡದ ಬೆನ್ನನ್ನೂ ಕೆತ್ತಿದವನು ಬಿಟ್ಟಿರಲಿಲ್ಲ.

ನಾನು ಕೈ ಚಾಚಿ ತೋಳು ತಿವಿದೆ. ತೋಳು ಅಲ್ಲೇ ಇತ್ತು. ನೆಲ ನೋಡುವುದನ್ನು ಬಿಟ್ಟು ನಮ್ಮವರೂ ಬಗ್ಗಿ ನೋಡಿದರು. ಇಷ್ಟು ಬಳೆ ಹಾಕಿಕೊಂಡು ಹಿಟ್ಟು ಹೇಗೆ ರುಬ್ಬುತ್ತಿದ್ದಳೋ ಎಂದರು. ಆಮೇಲೆ, ಊರಿನವರು ಹೋಟೆಲಿಗೆ ಬಂದರೆ ಕೇಳುವ ದನಿಯಲ್ಲೇ, ಮೆಲ್ಲಗೆ ಗಾಜಿಗೆ ಹೇಳಿದರು:

"ಊಟ ಆಯ್ತಾ?"

ನನ್ನ ಕಣ್ಣು ತುಂಬಿತು. ದೆಹಲಿಗೆ ಬಂದ ಮೊದಲ ದಿನ ನನ್ನನ್ನು ಅವರು ಕೇಳಿದ್ದೂ ಅದನ್ನೇ.

ಶುಕ್ರವಾರ ನಸುಕಿಗೆ ದೆಹಲಿಯಲ್ಲಿ ಇಳಿದು ಸೀದಾ ಹೋಟೆಲಿಗೆ ಹೋದೆವು. ಷಟರಿಗೆ ಒಂದು ಕಾಗದ ಅಂಟಿಸಿತ್ತು, 'ಆಜ್ ಬಂದ್ ಹೈ' ಎಂದು. ಎಂಟು ಗಂಟೆಯಿಂದ ಗಿರಾಕಿಗಳು ಒಬ್ಬೊಬ್ಬರೇ ಬಂದು ಗಲ್ಲಾದ ಮುಂದೆ ಮುಖ ಬಾಡಿಸಿಕೊಂಡು ನಿಂತರು. ಗುರುವಾರ ಬಾಗಿಲು ಮುಚ್ಚಿದ್ದು ನೋಡಿ ಮನೆಯಲ್ಲಿ ಯಾರೋ ಹೋದರು ಎಂದೇ ಎಲ್ಲರೂ ತಿಳಿದಿದ್ದರು. ಕ್ವಾರ್ಟರ್ಸಿನ ಒಬ್ಬ ಮುದುಕರು ನಮ್ಮವರ ಕೈ ಹಿಡಿದುಕೊಂಡು, ಯಾರು ಭಯ್ಯಾ, ಎಷ್ಟು ವಯಸ್ಸಾಗಿತ್ತು ಎಂದು ಕೇಳಿದರು. ಎರಡು ಸಾವಿರ ಎಂದು ಹೇಳಿ ನಮ್ಮವರು ಅವರಿಗೆ ಕಾಫಿ ಕೊಡಿಸಿದರು.

ನಮ್ಮ ಮೇಡಂ ಈಗ ಎಲ್ಲಿದ್ದಾರೋ, ಇದ್ದಾರೋ ಇಲ್ಲವೋ. ಹೇಳಬೇಕಾದ ಉತ್ತರ ನನ್ನ ಹತ್ತಿರವೇ ಉಳಿದಿದೆ. ಅದೊಂದು ಕೊರತೆ ಬಿಟ್ಟರೆ ನನಗೆ ತೃಪ್ತಿಯಾಗಿತ್ತು. ಇಲ್ಲಿಗೆ ಮುಗಿಯಿತು ಎಂದುಕೊಂಡು ಗಲ್ಲಾದಲ್ಲಿ ಕೂತೆ.

ಎರಡು ವಾರ ಕಳೆದಿರಬೇಕು. ಒಂದು ಮಧ್ಯಾಹ್ನ ತಲೆ ಎತ್ತಿದರೆ ಬಾಗಿಲಲ್ಲಿ ಏಣಿ. ಪೇಂಟರು ಮಾವನವರ ಬೋರ್ಡಿನ ಮೇಲೆ ಬಿಳಿ ಬಣ್ಣ ಬಳಿದು ಮುಗಿಸಿದ್ದ. ಹಿಂದಿಯಲ್ಲಿ ಬರೆದ. ಕನ್ನಡ ಅವನಿಗೆ ಬಾರದು. ನಮ್ಮವರು ಆರ್ಡರ್ ಚೀಟಿಯಲ್ಲಿ ದೊಡ್ಡದಾಗಿ ಬರೆದು ಕೊಟ್ಟರು, ಅವನು ಚಿತ್ರ ಬರೆಯುವ ಹಾಗೆ ನೋಡಿ ನೋಡಿ ಬರೆದ. ವಾರದ ರಜೆ: ಬುಧವಾರ.

ಇದೇನು ಎಂದೆ. ಬುಧವಾರ ವ್ಯಾಪಾರ ಕಡಿಮೆ, ನಿನಗೆ ಗೊತ್ತಿಲ್ಲ ಎಂದು ಅವರು ಅಡುಗೆಮನೆಯ ಕಡೆ ಹೊರಟುಹೋದರು. ಗೊತ್ತಿಲ್ಲವಂತೆ. ನಲವತ್ತು ವರ್ಷದಿಂದ ಆ ಪೆಟ್ಟಿಗೆಯ ಹಿಂದೆ ಕೂತವಳು ನಾನು. ಬುಧವಾರದ ವ್ಯಾಪಾರ ಏನೆಂದು ನನಗಿಂತ ಚೆನ್ನಾಗಿ ಯಾರಿಗೂ ಗೊತ್ತಿಲ್ಲ. ಆದರೆ ವಾದಕ್ಕೆ ಹೋಗಲಿಲ್ಲ.

ಮೊದಲ ಬುಧವಾರ ಅವರು ಇಸ್ತ್ರಿ ಮಾಡಿದ ಅಂಗಿ ತೊಟ್ಟರು. ಮೆಟ್ರೋದಲ್ಲಿ ಹೋದೆವು. ಇಂಡಿಯಾ ಗೇಟಿನ ಬಳಿಯ ಅದೇ ಮ್ಯೂಸಿಯಂ, ಅದೇ ಗೇಟು. ಜನ ನಮ್ಮ ಕಣ್ಣೆದುರಿಗೇ ಒಳಗೆ ಹೋಗುತ್ತಿದ್ದರು. ಆದರೂ ನಮ್ಮವರು ಕಾವಲುಗಾರನ ಹತ್ತಿರ ಹೋಗಿ, ಇವತ್ತು ತೆರೆದಿದೆ ತಾನೇ ಎಂದು ಕೇಳಿದರು. ನಾಲ್ಕು ಹೆಜ್ಜೆ ಇಟ್ಟು, ತಿರುಗಿ ಹೋಗಿ, ಇನ್ನೊಮ್ಮೆ ಕೇಳಿದರು.

"ಖುಲಾ ಹೈ, ಅಂಕಲ್‌ಜೀ," ಎಂದು ಅವನು ಒಳಗೆ ಕೈ ತೋರಿಸಿದ. "ಆಪ್ ಅಂದರ್ ತೋ ಜಾಯಿಯೇ."